1923ರ ಜರ್ಮನಿ: ಡಾಲರಿಗೆ 4.2 ಬಿಲಿಯನ್ ಮಾರ್ಕೋ, 4.2 ಟ್ರಿಲಿಯನ್ ಮಾರ್ಕೋ?

ಓದುಗೂಡು
1923ರ ಜರ್ಮನಿಯ ಹಣದುಬ್ಬರದ ಬಗ್ಗೆ ಲೇಖನವೊಂದು ತಯಾರಾಗುತ್ತಿದೆ, ಸೊನ್ನೆಗಳ ಕಾಡಿನಲ್ಲಿ ದಾರಿ ತಪ್ಪಿದೆ. ಒಂದು ಕಡೆ ಡಾಲರಿಗೆ 4.2 ಬಿಲಿಯನ್ ಮಾರ್ಕ್ ಅಂತಿದೆ, ಇನ್ನೊಂದು ಕಡೆ 4.2 ಟ್ರಿಲಿಯನ್. ಯಾವುದು ಸರಿ? ಹಾಗೇ ಇನ್ನೆರಡು ಪ್ರಶ್ನೆ. "ಸಿಕ್ಕಾಪಟ್ಟೆ ನೋಟು ಅಚ್ಚು ಹಾಕಿದರು, ಅದಕ್ಕೇ ಹೀಗಾಯಿತು" ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ತಪ್ಪಾಗುತ್ತದೆಯೇ? ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂದೊಡನೆ ಎಲ್ಲವೂ ನಿಂತುಹೋದದ್ದು ಹೇಗೆ?

ಬರ್ಲಿನ್‌ಬೆಳಗು
ಮೊದಲನೆಯದಕ್ಕೆ ಉತ್ತರ: ಎರಡೂ ಸರಿ, ಎಣಿಸುವ ಪದ್ಧತಿ ಬೇರೆ. ಜರ್ಮನ್ನಿನಲ್ಲಿ ಮಿಲಿಯೋನ್ ಆದಮೇಲೆ ಮಿಲಿಯಾರ್ಡೆ, ಆಮೇಲೆ ಬಿಲಿಯೋನ್. ಮಿಲಿಯಾರ್ಡೆ ಅಂದರೆ 100 ಕೋಟಿ, ಅಮೆರಿಕದವರ ಬಿಲಿಯನ್ ಇದೇ. ಜರ್ಮನ್ ಬಿಲಿಯೋನ್ ಅಂದರೆ ಲಕ್ಷ ಕೋಟಿ, ಅಮೆರಿಕದವರ ಟ್ರಿಲಿಯನ್. ಆ ಕಾಲದ ಬ್ರಿಟಿಷ್ ಬರಹಗಳಲ್ಲೂ ಬಿಲಿಯನ್ ಎಂದರೆ ಲಕ್ಷ ಕೋಟಿಯೇ. ಹಾಗಾಗಿ ಹಳೆಯ ಲಂಡನ್ ಪತ್ರಿಕೆಯ ಅಂಕಿಯನ್ನೂ ಇವತ್ತಿನ ಅಮೆರಿಕನ್ ಪುಸ್ತಕದ ಅಂಕಿಯನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಸಾವಿರ ಪಟ್ಟು ಎಡವಟ್ಟು.

ಕನ್ನಡದಲ್ಲಿ ಬರೆಯುವವರು ಬಿಲಿಯನ್, ಟ್ರಿಲಿಯನ್ ಎರಡನ್ನೂ ಬಿಟ್ಟುಬಿಡುವುದು ಒಳ್ಳೆಯದು. ನಮ್ಮ "ಲಕ್ಷ ಕೋಟಿ" ಈ ಕಥೆಗೆ ಅಳತೆ ತೆಗೆದು ಹೊಲಿಸಿದಂತಿದೆ. ಕೊನೆಗೆ ಒಂದು ರೆಂಟನ್‌ಮಾರ್ಕ್ = ಸರಿಯಾಗಿ ಒಂದು ಲಕ್ಷ ಕೋಟಿ ಕಾಗದದ ಮಾರ್ಕ್. ಒಂದು ಡಾಲರ್ = 4.2 ಲಕ್ಷ ಕೋಟಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಡಾಲರಿಗೆ 4.2 ಚಿನ್ನದ ಮಾರ್ಕ್, ಅಂದರೆ ಚಿನ್ನಕ್ಕೆ ಬೆಲೆ ಗಂಟುಹಾಕಿದ ಮಾರ್ಕ್, ಇತ್ತು. ಸೊನ್ನೆ ಅಳಿಸಿದರೆ ಹಳೆಯ ದರವೇ ಮತ್ತೆ ಬಂದು ಕೂರುವಂತೆ ಬೇಕೆಂದೇ ಆ ಅಂಕಿಯಲ್ಲಿ ನಿಲ್ಲಿಸಿದರು.

ಲೆಕ್ಕದಪುಸ್ತಕ
ಡಾಲರ್ ದರದ ಪಟ್ಟಿ ಲೇಖನಕ್ಕೆ ಬೇಕಾಗುತ್ತದೆ. ತಿಂಗಳ ಸರಾಸರಿ, ಒಂದು ಡಾಲರಿಗೆ ಇಷ್ಟು ಮಾರ್ಕ್:

1914 ಜುಲೈ: 4.2
1919 ಜನವರಿ: 8.9
1920 ಜನವರಿ: 64.8
1921 ಜನವರಿ: 64.9
1922 ಜನವರಿ: 191.8
1922 ಜುಲೈ: 493
1923 ಜನವರಿ: 17,972
1923 ಜುಲೈ: 3,53,412
1923 ಆಗಸ್ಟ್: 46,20,455
1923 ಸೆಪ್ಟೆಂಬರ್: 9 ಕೋಟಿ 88 ಲಕ್ಷ 60 ಸಾವಿರ
1923 ಅಕ್ಟೋಬರ್: ಸುಮಾರು 2,526 ಕೋಟಿ

ನವೆಂಬರಿಗೆ ಸರಾಸರಿ ಹಾಕುವುದು ದಡ್ಡತನ, ದಿನದ ದರವನ್ನೇ ಕೊಡಿ. ನ. 1ಕ್ಕೆ 13,000 ಕೋಟಿ, ನ. 14ಕ್ಕೆ 1.26 ಲಕ್ಷ ಕೋಟಿ, ನ. 15ಕ್ಕೆ 2.52 ಲಕ್ಷ ಕೋಟಿ, ನ. 20ಕ್ಕೆ 4.2 ಲಕ್ಷ ಕೋಟಿ. ಅನೇಕ ಪಟ್ಟಿಗಳಲ್ಲಿ ನ. 15ರ ಎದುರಿಗೇ 4.2 ಎಂದು ಬರೆದಿರುತ್ತಾರೆ. ರೆಂಟನ್‌ಮಾರ್ಕ್ ಚಲಾವಣೆಗೆ ಬಂದದ್ದು 15ಕ್ಕೆ, ದರ ನಿಂತದ್ದು 20ಕ್ಕೆ. ನಡುವಿನ ಐದು ದಿನವನ್ನು ನುಂಗಿಬಿಟ್ಟರೆ ಮೂರನೇ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

1920, 1921ರ ಜನವರಿಗಳನ್ನು ಒಮ್ಮೆ ಹೋಲಿಸಿ. ನಡುವೆ ಏರಿಳಿದರೂ ಒಂದು ವರ್ಷದ ಕೊನೆಗೆ ಮಾರ್ಕ್ ಹೆಚ್ಚುಕಡಿಮೆ ಮೊದಲಿದ್ದಲ್ಲೇ ಇತ್ತು. ಸೋತ ದಿನದಿಂದಲೇ ನೇರವಾಗಿ ಕುಸಿದುಬಿದ್ದಿತು ಅನ್ನುವುದು ಸುಳ್ಳು.

ಮೂಲೆಮನೆ
ಅಲ್ಲ, ಮೂಲ ಕಾರಣ ಗೆದ್ದ ದೇಶಗಳು ಹೇರಿದ ಯುದ್ಧದಂಡ ತಾನೆ? 13,200 ಕೋಟಿ ಚಿನ್ನದ ಮಾರ್ಕ್ ಕೊಡಿ ಅಂದರೆ ಯಾವ ದೇಶ ತಾಳುತ್ತದೆ? ಅದರ ಮೇಲೆ ಫ್ರಾನ್ಸ್ ಬಂದು ಕಲ್ಲಿದ್ದಲು ಗಣಿಗಳನ್ನೇ ಹಿಡಿದುಕೊಂಡಿತು. ನೋಟು ಅಚ್ಚು ಹಾಕದೆ ಏನು ಮಾಡಬೇಕಿತ್ತು?

ಬರ್ಲಿನ್‌ಬೆಳಗು
13,200 ಕೋಟಿ ಎನ್ನುವುದು 1921ರ ಮೇ ತಿಂಗಳ ಲಂಡನ್ ಪಟ್ಟಿಯ ಒಟ್ಟು ಅಂಕಿ. ಅದನ್ನು ಮೂರು ಬಗೆಯ ಬಾಂಡುಗಳಾಗಿ ಒಡೆದಿದ್ದರು: ಎ 1,200 ಕೋಟಿ, ಬಿ 3,800 ಕೋಟಿ, ಸಿ 8,200 ಕೋಟಿ. ಸಿ ಬಾಂಡು ಯಾವಾಗ ಕೊಡಬೇಕೆಂಬುದಕ್ಕೇ ಗಡುವಿರಲಿಲ್ಲ, ಅದು ಗೆದ್ದ ದೇಶಗಳ ಮತದಾರರ ಸಮಾಧಾನಕ್ಕೆ ಹಾಕಿದ ಅಂಕಿ. ಬಾಧಿಸುತ್ತಿದ್ದದ್ದು 5,000 ಕೋಟಿ: ವರ್ಷಕ್ಕೆ 200 ಕೋಟಿ ಚಿನ್ನದ ಮಾರ್ಕ್, ಜೊತೆಗೆ ರಫ್ತಿನ ಮೌಲ್ಯದ ಶೇ. 26. ಇದು ಸಣ್ಣ ಹೊರೆ ಅನ್ನುತ್ತಿಲ್ಲ. ಆದರೆ ದಂಡವನ್ನು ಕಾಗದದ ಮಾರ್ಕಿನಲ್ಲಿ ತೀರಿಸುವಂತಿರಲಿಲ್ಲ. ಚಿನ್ನ, ವಿದೇಶಿ ಹಣ, ಕಲ್ಲಿದ್ದಲು, ಮರ, ಇವೇ ಆಗಬೇಕು. ಡಾಲರ್ ಕೊಳ್ಳಲು ಮಾರ್ಕ್ ಸುರಿದರೆ ಮಾರ್ಕ್ ಬೀಳುತ್ತದೆ, ಅಷ್ಟರ ಮಟ್ಟಿಗೆ ಸಂಬಂಧವಿದೆ.

1923ರ ಜನವರಿ ನಡೆದದ್ದು ಹೀಗೆ. ಟೆಲಿಗ್ರಾಫ್ ಕಂಬದ ಮರ ಪೂರ್ತಿ ಬಂದಿಲ್ಲವೆಂದು 1922ರ ಡಿಸೆಂಬರ್ 26ರಂದೂ, ಕಲ್ಲಿದ್ದಲು ಕಡಿಮೆಯಾಯಿತೆಂದು ಜನವರಿ 9ರಂದೂ ದಂಡ ವಸೂಲಿ ನೋಡಿಕೊಳ್ಳುತ್ತಿದ್ದ ಪರಿಹಾರ ಆಯೋಗ "ಬಾಕಿ" ಘೋಷಿಸಿತು. ಬ್ರಿಟನ್ ಎರಡಕ್ಕೂ ಒಪ್ಪಲಿಲ್ಲ. ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯ ಜರ್ಮನಿಯ ಕಲ್ಲಿದ್ದಲು ನಾಡಾದ ರೂರ್ ಪ್ರದೇಶಕ್ಕೆ ನುಗ್ಗಿತು. ಚಾನ್ಸಲರ್ ವಿಲ್ಹೆಲ್ಮ್ ಕೂನೊ ಸರ್ಕಾರ "ನಿಷ್ಕ್ರಿಯ ಪ್ರತಿರೋಧ" ಸಾರಿತು: ಗಣಿಯವರು ಫ್ರಾನ್ಸಿಗೆ ಇದ್ದಲು ತೋಡುವಂತಿಲ್ಲ, ರೈಲಿನವರು ಗಾಡಿ ಓಡಿಸುವಂತಿಲ್ಲ. ಮಾರ್ಚ್ 31ರಂದು ಎಸ್ಸೆನ್‌ನ ಕ್ರುಪ್ ಕಾರ್ಖಾನೆಯಲ್ಲಿ ಫ್ರೆಂಚ್ ಸೈನಿಕರ ಗುಂಡಿಗೆ 13 ಕಾರ್ಮಿಕರು ಸತ್ತರು. ಪ್ರತಿರೋಧ ನಿಂತದ್ದು ಸೆಪ್ಟೆಂಬರ್ 26ಕ್ಕೆ, ಗುಸ್ಟಾಫ್ ಸ್ಟ್ರೇಸೆಮಾನ್ ಚಾನ್ಸಲರ್ ಆದ ಆರು ವಾರಕ್ಕೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ರೂರ್‌ಗೆ ಸೈನ್ಯ ಬರುವ ಮೊದಲೇ, 1922ರ ಜುಲೈನಿಂದ ಡಿಸೆಂಬರಿನೊಳಗೆ (ಡಿಸೆಂಬರ್ ಸರಾಸರಿ ಸುಮಾರು 7,589) ಡಾಲರ್ 15 ಪಟ್ಟು ಏರಿದೆ. 1922ರ ಜೂನ್ 24ರಂದು ವಿದೇಶಾಂಗ ಸಚಿವ ವಾಲ್ಟರ್ ರಾಟೆನೌ ಕೊಲೆಯಾದ ಮೇಲೆ ಮಾರ್ಕ್ ಮತ್ತೆ ಚೇತರಿಸಿಕೊಂಡೀತೆಂಬ ನಂಬಿಕೆ ಹೊರದೇಶದವರಿಗೂ ಹೋಯಿತು. ರೂರ್ ಉರಿಯುವ ಮನೆಗೆ ಸುರಿದ ಎಣ್ಣೆ. ಕಿಡಿ ಅಲ್ಲಿಯದಲ್ಲ.

ಲೆಕ್ಕದಪುಸ್ತಕ
ಈಗ ಯಂತ್ರ ತಿರುಗುತ್ತಿದ್ದ ಬಗೆ. "ನೋಟು ಅಚ್ಚು ಹಾಕಿದರು" ಎಂಬ ಸಾಲಿನ ಒಳಗೆ ಮೂರು ಬೇರೆ ಬೇರೆ ಗಾಲಿಗಳಿವೆ.

ಒಂದು, ಸರ್ಕಾರದ ಕೊರತೆ. ಹಣ ಬೇಕಾದಾಗ ಖಜಾನೆ ಅಲ್ಪಾವಧಿ ಹುಂಡಿ ಬರೆಯುತ್ತದೆ. ಜನ, ಬ್ಯಾಂಕುಗಳು ಕೊಳ್ಳದಿದ್ದರೆ ಅದನ್ನು ರೈಶ್‌ಬ್ಯಾಂಕ್, ಅಂದರೆ ಕೇಂದ್ರ ಬ್ಯಾಂಕು, ವಟಾಯಿಸಿಕೊಂಡು ನೋಟು ಕೊಡುತ್ತದೆ. 1923ರಲ್ಲಿ ರೂರ್‌ನಲ್ಲಿ ಕೆಲಸ ಬಿಟ್ಟು ಕೂತವರ ಸಂಬಳ, ನಿಂತ ಕಾರ್ಖಾನೆಗಳಿಗೆ ನೆರವು, ಅಲ್ಲಿಂದ ಗಡಿಪಾರಾದ ಲಕ್ಷಕ್ಕೂ ಹೆಚ್ಚು ಜನರ ಖರ್ಚು, ಎಲ್ಲ ಈ ಹುಂಡಿಯ ಮೇಲೆಯೇ. ಸ್ವಂತ ಕಲ್ಲಿದ್ದಲು ಕೈತಪ್ಪಿದ್ದರಿಂದ ಬ್ರಿಟನ್ನಿನಿಂದ ಕೊಳ್ಳಬೇಕು, ಅದಕ್ಕೆ ಪೌಂಡು ಬೇಕು.

ಎರಡು, ತೆರಿಗೆಯ ತಡ. ಲೇಖನಕ್ಕೆ ಈ ಭಾಗ ತಪ್ಪದೆ ಹಾಕಿ, ಹೆಚ್ಚಿನವರು ಬಿಡುವುದೇ ಇದನ್ನು. ಆಗಸ್ಟಿನಲ್ಲಿ ನಿಗದಿಯಾದ ತೆರಿಗೆಯನ್ನು ಸೆಪ್ಟೆಂಬರಿನಲ್ಲಿ ಕಟ್ಟಿದಿರಿ ಅಂದುಕೊಳ್ಳಿ. ಅಷ್ಟರಲ್ಲಿ ಡಾಲರ್ 21 ಪಟ್ಟು ಏರಿದೆ, ಖಜಾನೆಗೆ ಬಂದದ್ದು 21ರಲ್ಲಿ ಒಂದು ಪಾಲು. ಸೆಪ್ಟೆಂಬರಿನದನ್ನು ಅಕ್ಟೋಬರಿನಲ್ಲಿ ಕಟ್ಟಿದರೆ 255ರಲ್ಲಿ ಒಂದು ಪಾಲು. ತಡಮಾಡಿ ಕಟ್ಟಿದವನಿಗೇ ಲಾಭ. ಹಾಗಾಗಿ ಉಬ್ಬರ ಹೆಚ್ಚಿದಷ್ಟೂ ತೆರಿಗೆ ಕರಗುತ್ತದೆ, ಕರಗಿದಷ್ಟೂ ಹುಂಡಿ ಹೆಚ್ಚುತ್ತದೆ, ಹುಂಡಿ ಹೆಚ್ಚಿದಷ್ಟೂ ಉಬ್ಬರ.

ಮೂರು, ಖಾಸಗಿ ಸಾಲ. ರೈಶ್‌ಬ್ಯಾಂಕ್ ಬಡ್ಡಿದರ ನೋಡಿ: 1922ರ ಜುಲೈವರೆಗೂ ಶೇ. 5. 1923ರ ಜನವರಿಯಲ್ಲಿ ಶೇ. 12, ಏಪ್ರಿಲ್‌ನಲ್ಲಿ 18, ಆಗಸ್ಟ್‌ನಲ್ಲಿ 30, ಸೆಪ್ಟೆಂಬರ್ 15ರಿಂದ 90. ಇದೆಲ್ಲ ವರ್ಷದ ಬಡ್ಡಿ! ವ್ಯಾಪಾರದ ಹುಂಡಿ ವಟಾಯಿಸಿ ಸಾಲ ತೆಗೆದು ಡಾಲರನ್ನೋ ಯಂತ್ರವನ್ನೋ ಗಣಿಯನ್ನೋ ಕೊಂಡು ಮೂರು ತಿಂಗಳು ಬಿಟ್ಟು ತೀರಿಸಿದರೆ, ತೀರಿಸಿದ್ದು ಪುಡಿಗಾಸು. ಹೂಗೊ ಸ್ಟಿನ್ನೆಸ್ ಥರದ ಉದ್ಯಮಿಗಳ ಸಾಮ್ರಾಜ್ಯ ಬೆಳೆದದ್ದು ಇದೇ ದಾರಿಯಲ್ಲಿ. ರೈಶ್‌ಬ್ಯಾಂಕಿನ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್ ತಲೆಯಲ್ಲಿದ್ದದ್ದು, ಬೆಲೆ ಏರಿದೆ, ಜನಕ್ಕೆ ನೋಟು ಸಾಲುತ್ತಿಲ್ಲ, ಒದಗಿಸುವುದು ನಮ್ಮ ಕರ್ತವ್ಯ ಎಂಬ ಲೆಕ್ಕ. ಕೆಟ್ಟ ಮನುಷ್ಯನಲ್ಲ, ಕೊಡ ತುಂಬುತ್ತಿಲ್ಲವೆಂದು ನೀರು ಹೆಚ್ಚು ಹೊಯ್ಯುತ್ತಿದ್ದ, ಅಡಿಯ ತೂತು ನೋಡಲಿಲ್ಲ. ಆಗಸ್ಟ್ 17ರಂದು ಅವನೇ ಕೊಟ್ಟ ಲೆಕ್ಕ: ಈಗ ದಿನಕ್ಕೆ 20 ಲಕ್ಷ ಕೋಟಿ ಮಾರ್ಕ್ ಹೊಸ ನೋಟು ಹೊರಡುತ್ತಿದೆ, ಮುಂದಿನ ವಾರ ದಿನಕ್ಕೆ 46 ಲಕ್ಷ ಕೋಟಿ ಮಾಡುತ್ತೇವೆ, ಒಟ್ಟು ಚಲಾವಣೆ 63 ಲಕ್ಷ ಕೋಟಿ. ಒಟ್ಟು ಚಲಾವಣೆಯ ಮೂರರಲ್ಲಿ ಎರಡು ಪಾಲನ್ನು ಒಂದೇ ದಿನದಲ್ಲಿ ಹೊರಡಿಸುವ ಶಕ್ತಿ ಬರುತ್ತಿದೆ ಎಂದು ಅದನ್ನು ಸಾಧನೆಯಂತೆ ಹೇಳಿದ.

ಮೂಲೆಮನೆ
ಇಷ್ಟೆಲ್ಲ ಆದಮೇಲೂ ಅವನನ್ನು ತೆಗೆದುಹಾಕಲಿಲ್ಲವೇ?

ಬರ್ಲಿನ್‌ಬೆಳಗು
ತೆಗೆಯಲು ಬರುತ್ತಿರಲಿಲ್ಲ. 1922ರ ಮೇ ತಿಂಗಳ ಕಾನೂನಿನಿಂದ ರೈಶ್‌ಬ್ಯಾಂಕ್ ಸರ್ಕಾರದಿಂದ ಸ್ವತಂತ್ರವಾಗಿತ್ತು. ಆ ಸ್ವಾತಂತ್ರ್ಯ ಕೇಳಿ ಪಡೆದವರು ಗೆದ್ದ ದೇಶಗಳೇ, ನೋಟು ಮುದ್ರಣ ಹತೋಟಿಗೆ ಬರಲಿ ಎಂದು! ಅಧ್ಯಕ್ಷಗಿರಿ ಜೀವಾವಧಿ. ಹಾವೆನ್‌ಸ್ಟೈನ್ ಸತ್ತದ್ದು 1923ರ ನವೆಂಬರ್ 20ರಂದು, ಡಾಲರ್ 4.2 ಲಕ್ಷ ಕೋಟಿಯಲ್ಲಿ ನಿಂತ ಅದೇ ದಿನ.

ಚಿಲ್ಲರೆಕಾಸು
ಮುದ್ರಣದ ಕಡೆಯ ವಿವರ. ಸರ್ಕಾರಿ ಅಚ್ಚುಕೂಟ ಒಂದರಿಂದ ಆಗುವ ಕೆಲಸ ಅದಾಗಿರಲಿಲ್ಲ. ಉತ್ತುಂಗದಲ್ಲಿ 30 ಕಾಗದದ ಗಿರಣಿಗಳು, 130ಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳು, 1,783 ಯಂತ್ರಗಳು ರೈಶ್‌ಬ್ಯಾಂಕಿಗಾಗಿ ಓಡುತ್ತಿದ್ದವು. ಸಮಯ ಉಳಿಸಲು ಅನೇಕ ನೋಟುಗಳ ಹಿಂಬದಿ ಖಾಲಿ ಬಿಟ್ಟರು. ನಿಮ್ಮ ಕೈಗೆ ಸಿಕ್ಕ 1923ರ ನೋಟಿನ ಹಿಂಬದಿ ಬೋಳಾಗಿದ್ದರೆ ಖೋಟಾ ಅಂದುಕೊಳ್ಳಬೇಡಿ, ಅಸಲಿಯೂ ಹಾಗೇ ಇರುತ್ತದೆ. ಒಂದೇ ಬೆಲೆಯ ನೋಟಿನಲ್ಲಿ ನೀರುಗುರುತು, ಕಾಗದದ ಬಣ್ಣ, ಸಂಖ್ಯೆಯ ಅಕ್ಷರಗಾತ್ರ ಬೇರೆ ಬೇರೆ ಇರುವುದಕ್ಕೂ ಇದೇ ಕಾರಣ. ಮೂಲೆಯ ಪುಟ್ಟ ಅಕ್ಷರಗಳು ಯಾವ ಮುದ್ರಣಾಲಯದ್ದೆಂಬ ಗುರುತು.

ನೋಟಿನ ಮೇಲಿನ ತಾರೀಖು ನಂಬಿ ವರ್ಷ ಹೇಳಬೇಡಿ. ಎರಡು ಉದಾಹರಣೆ:

1910ರ ಏಪ್ರಿಲ್ 21ರ ತಾರೀಖಿನ 1,000 ಮಾರ್ಕ್. ಮುದ್ರೆ ಕೆಂಪಿದ್ದರೆ ಹಳೆಯ ಅಚ್ಚು. ಹಸಿರಿದ್ದರೆ ಯುದ್ಧದ ಕೊನೆಗೂ ಆಮೇಲೂ ಅಚ್ಚಾದದ್ದು, ತಾರೀಖು ಮಾತ್ರ ಹಳೆಯದು. ಕೆಂಪು ಮುದ್ರೆಯ ನೋಟಿಗೆ ಸರ್ಕಾರ ಚಿನ್ನ ಕೊಡುತ್ತದೆಂಬ ಗಾಳಿಸುದ್ದಿ ಆಮೇಲೆ ವರ್ಷಗಟ್ಟಲೆ ಹಬ್ಬಿತ್ತು. ಹಾಗಾಗಿ ಜನ ಕೂಡಿಟ್ಟರು, ಇವತ್ತಿಗೂ ರಾಶಿ ಸಿಗುತ್ತವೆ, ಬೆಲೆ ಏನೂ ಇಲ್ಲ.

1922ರ ಡಿಸೆಂಬರ್ 15ರ ತಾರೀಖಿನ 1,000 ಮಾರ್ಕ್ ನೋಟಿನ ಮೇಲೆ ಅಡ್ಡಲಾಗಿ ಕೆಂಪು ಅಕ್ಷರದಲ್ಲಿ "ಐನೆ ಮಿಲಿಯಾರ್ಡೆ ಮಾರ್ಕ್". ಇದನ್ನು ಹೊರಡಿಸಿದ್ದು 1923ರ ಸೆಪ್ಟೆಂಬರಿನಲ್ಲಿ. ಹಳೆಯ ನೋಟಿನ ಮೇಲೆ ಹೊಸ ಅಚ್ಚು ಒತ್ತಿ 1,000ವನ್ನು 100 ಕೋಟಿ ಮಾಡಿದ್ದು.

ಬಳಕೆಗೆ ಬಂದ ಅತಿ ದೊಡ್ಡ ಬೆಲೆಯದು 100 ಬಿಲಿಯೋನೆನ್, ಅಂದರೆ 100 ಲಕ್ಷ ಕೋಟಿ ಮಾರ್ಕ್. ತಾರೀಖು 1924ರ ಫೆಬ್ರವರಿ 15. ಉಬ್ಬರ ನಿಂತು ಮೂರು ತಿಂಗಳಾದ ಮೇಲಿನದು. ಆಗ ಅದರ ಬೆಲೆ 100 ರೆಂಟನ್‌ಮಾರ್ಕ್, ಸುಮಾರು 24 ಡಾಲರ್, ಒಳ್ಳೆಯ ದುಡ್ಡು. "ರೊಟ್ಟಿ ಕೊಳ್ಳಲೂ ಸಾಲದ ನೂರು ಟ್ರಿಲಿಯನ್ ನೋಟು" ಅಂತ ಚಿತ್ರದಡಿ ಬರೆಯುವವರು ದಯವಿಟ್ಟು ನಿಲ್ಲಿಸಿ. 1923ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಒಂದು ರೊಟ್ಟಿ ಸುಮಾರು 20,000 ಕೋಟಿ. ಆ ನೋಟಿಗೆ 500 ರೊಟ್ಟಿ ಬರುತ್ತಿತ್ತು.

ಓದುಗೂಡು
ಬಣ್ಣಬಣ್ಣದ ಚಿತ್ರಗಳಿರುವ ಊರೂರಿನ ಚಿಕ್ಕ ನೋಟುಗಳೂ ಇದೇ ಕಾಲದವೇ? ಅದರ ಫೋಟೋ ಹಾಕುವ ಯೋಚನೆ ಇತ್ತು.

ಚಿಲ್ಲರೆಕಾಸು
ಮೇಲೆ ಎಷ್ಟು ಬರೆದಿದೆ ನೋಡಿ. 25, 50, 75 ಫೆನಿಗ್ (ಮಾರ್ಕಿಗೆ 100 ಫೆನಿಗ್) ಇದ್ದರೆ ಅದು ಬಹುಪಾಲು 1921ರ ಆಸುಪಾಸಿನದು. ಚಿಲ್ಲರೆ ಅಭಾವದಿಂದ ಶುರುವಾಗಿ, ಸಂಗ್ರಹಕಾರರಿಗೆ ಮಾರಿ ಊರಿನ ಬೊಕ್ಕಸ ತುಂಬಿಸಲೆಂದೇ ಸರಣಿಯಾಗಿ ಅಚ್ಚು ಹಾಕಿದ್ದು. ಬೀಲೆಫೆಲ್ಡಿನ ರೇಷ್ಮೆ ನೋಟು, ಮೈಸನ್ನಿನ ಪಿಂಗಾಣಿ ನಾಣ್ಯ ಎಲ್ಲ ಆ ಹುಚ್ಚಿನ ಕೂಸುಗಳು. 1923ರ ತುರ್ತು ಹಣ, "ನೋಟ್‌ಗೆಲ್ಡ್", ನೋಡಲು ಸಪ್ಪೆ: ಒಂದೇ ಬಣ್ಣ, ಒಂದೇ ಬದಿ, ಲಕ್ಷ, ಕೋಟಿಗಳ ಅಂಕಿ, ಕೊಟ್ಟ ಊರು ಅಥವಾ ಕಾರ್ಖಾನೆಯ ಹೆಸರು. ರೈಶ್‌ಬ್ಯಾಂಕಿನ ನೋಟು ಸಂಬಳದ ದಿನಕ್ಕೆ ತಲುಪದೆ ಹೋದಾಗ ಕಾರ್ಖಾನೆ, ನಗರಸಭೆ, ರೈಲ್ವೆ ತಾವೇ ಒತ್ತಿಕೊಂಡವು. ಲೇಖನಕ್ಕೆ ಸಪ್ಪೆಯದನ್ನೇ ಹಾಕಿ.

ಅಂಚೆಪೆಟ್ಟಿಗೆ
ಆ ವರ್ಷದ ಜ್ವರ ಅಳೆಯಲು ಡಾಲರಿಗಿಂತ ಅಂಚೆದರ ಒಳ್ಳೆಯದು, ಪ್ರತಿ ಮನೆಗೂ ತಟ್ಟಿದ್ದು ಅದು. ದೂರದೂರಿಗೆ ಹೋಗುವ 20 ಗ್ರಾಂ ಒಳನಾಡಿನ ಪತ್ರ, ದರ ಜಾರಿಯಾದ ದಿನ:

ಜ. 15: 50 ಮಾರ್ಕ್
ಮಾ. 1: 100
ಜು. 1: 300
ಆ. 1: 1,000
ಆ. 24: 20,000
ಸೆ. 1: 75,000
ಸೆ. 20: 2.5 ಲಕ್ಷ
ಅ. 1: 20 ಲಕ್ಷ
ಅ. 10: 50 ಲಕ್ಷ
ಅ. 20: 1 ಕೋಟಿ
ನ. 1: 10 ಕೋಟಿ
ನ. 5: 100 ಕೋಟಿ
ನ. 12: 1,000 ಕೋಟಿ
ನ. 20: 2,000 ಕೋಟಿ
ನ. 26: 8,000 ಕೋಟಿ
ಡಿ. 1: 10,000 ಕೋಟಿ, ಅಂದರೆ 10 ರೆಂಟನ್‌ಫೆನಿಗ್

ಯುದ್ಧಕ್ಕೆ ಮುಂಚೆ ಅದೇ ಪತ್ರಕ್ಕೆ 10 ಫೆನಿಗ್. ಸುತ್ತು ಹೊಡೆದು ಮನೆಗೇ ಬಂದಿದೆ.

ಅಂಚೆ ಇಲಾಖೆಗೂ ಅಚ್ಚುಕೂಟದ ಕಷ್ಟವೇ. ಹಳೆಯ ಕಡಿಮೆ ಬೆಲೆಯ ಅಂಚೆಚೀಟಿಗಳ ಮೇಲೆ ಹೊಸ ಬೆಲೆ ಒತ್ತಿದರು. ರಂಧ್ರ ಹೊಡೆಯಲು ಹೊತ್ತಿಲ್ಲದೆ ಕೆಲವಕ್ಕೆ ಬರೀ ಗೀರು ಹಾಕಿದರು. ದರ ಏರಿದ ದಿನ ಹೊಸ ಚೀಟಿ ಬಂದಿರದಿದ್ದರೆ ಹಾಳೆಗಟ್ಟಲೆ ಹಳೆಯದನ್ನು ಲಕೋಟೆಯ ಹಿಂದೆ ಅಂಟಿಸಬೇಕು, ಇಲ್ಲವೇ ನಗದು ಕಟ್ಟಿ "ಶುಲ್ಕ ಸಂದಿದೆ" ಮುದ್ರೆ ಹಾಕಿಸಬೇಕು. ಅತಿ ದೊಡ್ಡ ಚೀಟಿ 5,000 ಕೋಟಿ ಮಾರ್ಕಿನದು.

ಸಂಗ್ರಹಕಾರರು ಎಡವುವುದು ಎರಡು ಕಡೆ. ನವೆಂಬರ್ 26ರಿಂದ 30ರವರೆಗೆ ಚೀಟಿಗಳನ್ನು ಮುಖಬೆಲೆಯ ನಾಲ್ಕು ಪಟ್ಟಿಗೆ ಎಣಿಸುತ್ತಿದ್ದರು. ಆ ಐದು ದಿನದ ಲಕೋಟೆಯ ಮೇಲೆ 2,000 ಕೋಟಿಯಷ್ಟೇ ಚೀಟಿ ಇದ್ದರೆ ಕಡಿಮೆ ಅಂಟಿಸಿದ್ದಲ್ಲ, ಸರಿಯಾಗಿದೆ. ಇನ್ನೊಂದು: ಈ ಚೀಟಿಗಳು ಬಳಸದೆ ಉಳಿದವು ಮೂಟೆಗಟ್ಟಲೆ ಇವೆ, ಕೆಲವೇ ದಿನ ಬಳಕೆಯಲ್ಲಿದ್ದವುಗಳ ಅಸಲಿ ಮುದ್ರೆ ಬಿದ್ದವು ಅಪರೂಪ. ಬೇರೆ ದೇಶದ ಚೀಟಿಗಳ ರೂಢಿಗೆ ತಲೆಕೆಳಗು, ಇಲ್ಲಿ ಬಳಸಿದ್ದಕ್ಕೇ ಬೆಲೆ. ಹಾಗಾಗಿ ಆಮೇಲೆ ಕೂತು ಸುಳ್ಳು ಅಂಚೆಮುದ್ರೆ ಒತ್ತಿದವರು ಬೇಕಾದಷ್ಟು. ಹಿಂಬದಿಯಲ್ಲಿ "ಇನ್ಫ್ಲಾ", ಅಂದರೆ ಹಣದುಬ್ಬರ ಕಾಲದ ಚೀಟಿಗಳ, ಪರೀಕ್ಷಕರ ಪುಟ್ಟ ಮುದ್ರೆ ಇಲ್ಲದ ಬಳಸಿದ ಚೀಟಿಗೆ ಹೆಚ್ಚು ಬೆಲೆ ಕೊಡಬೇಡಿ.

ಮೂಲೆಮನೆ
ಅಂಚೆದರ ಚೆನ್ನಾಗಿದೆ. ಈಗ ರೆಂಟನ್‌ಮಾರ್ಕ್. ಅದಕ್ಕೆ ಜರ್ಮನಿಯ ಇಡೀ ಭೂಮಿ ಆಧಾರ ಅಂತಾರೆ. ನೋಟು ತೆಗೆದುಕೊಂಡು ಹೋದರೆ ಜಮೀನು ಕೊಡುತ್ತಿದ್ದರಾ? ಇಲ್ಲವಲ್ಲ. ಹಾಗಾದರೆ ಇದೂ ಕಾಗದವೇ. ಜನ ನಂಬಿದ್ದೇಕೆ?

ಲೆಕ್ಕದಪುಸ್ತಕ
ಜಮೀನು ಕೊಡುತ್ತಿರಲಿಲ್ಲ, ಸರಿ. ಕಾನೂನಿನಲ್ಲಿದ್ದದ್ದು ಇಷ್ಟು: ಕೃಷಿಭೂಮಿ ಮತ್ತು ಉದ್ಯಮಗಳ ಮೇಲೆ ಒಟ್ಟು 320 ಕೋಟಿಯ ಋಣಭಾರ, ಎರಡಕ್ಕೂ ಅರ್ಧರ್ಧ. ಅದರ ಮೇಲೆ ಮಾಲೀಕರು, ರೆಂಟನ್‌ಮಾರ್ಕ್ ಹೊರಡಿಸುವ ರೆಂಟನ್‌ಬ್ಯಾಂಕಿಗೆ ವರ್ಷಕ್ಕೆ ಶೇ. 6 ಕಟ್ಟಬೇಕು. 500 ರೆಂಟನ್‌ಮಾರ್ಕ್ ತಂದವನಿಗೆ ಶೇ. 5 ಬಡ್ಡಿಯ 500 ಚಿನ್ನದ ಮಾರ್ಕಿನ ಬಾಂಡು ಸಿಗುತ್ತದೆ. ಅಷ್ಟೇ. ಹಾಗೆ ಬದಲಿಸಿಕೊಳ್ಳಲು ಹೋದವರು ತೀರ ಕಡಿಮೆ. ಮೂಲ ಯೋಜನೆ ರಾಜಕಾರಣಿ ಕಾರ್ಲ್ ಹೆಲ್ಫೆರಿಷ್‌ನದು, ರೈ ಧಾನ್ಯದ ಬೆಲೆಗೆ ಗಂಟುಹಾಕಿದ ಮಾರ್ಕ್. ಧಾನ್ಯದ ಬೆಲೆಯೇ ಕುಣಿಯುತ್ತದೆಂದು ಹಣಕಾಸು ಸಚಿವ ಹಾನ್ಸ್ ಲೂಥರ್ ಅದನ್ನು ಚಿನ್ನದ ಮಾರ್ಕಿಗೆ ಬದಲಿಸಿದ. ಅಕ್ಟೋಬರ್ 15ರ ಆಜ್ಞೆ ಅದು.

ಕೆಲಸ ಮಾಡಿದ್ದು ಭೂಮಿಯಲ್ಲ, ಮಿತಿ. ಸದ್ಯಕ್ಕೆ ಹೊರಡಿಸಲು ಒಟ್ಟು 240 ಕೋಟಿ. ಸರ್ಕಾರಕ್ಕೆ 120 ಕೋಟಿ, ರೈಶ್‌ಬ್ಯಾಂಕಿನ ಮೂಲಕ ವ್ಯಾಪಾರಕ್ಕೆ 120 ಕೋಟಿ. ಸರ್ಕಾರದ ಪಾಲಿನಲ್ಲಿ 30 ಕೋಟಿ ಬಡ್ಡಿಯಿಲ್ಲದ್ದು, ರೈಶ್‌ಬ್ಯಾಂಕಿನಲ್ಲಿದ್ದ ಹಳೆಯ ಹುಂಡಿಗಳನ್ನು ತೀರಿಸಲು. ನವೆಂಬರ್ 15ರಿಂದ ರೈಶ್‌ಬ್ಯಾಂಕ್ ಸರ್ಕಾರದ ಹುಂಡಿ ವಟಾಯಿಸುವುದನ್ನು ನಿಲ್ಲಿಸಿತು. ಅಸಲಿ ಕೀಲಿ ಇದೇ. ಡಿಸೆಂಬರಿನಲ್ಲಿ ಸರ್ಕಾರ ಇನ್ನಷ್ಟು ಕೇಳಿದಾಗ ರೆಂಟನ್‌ಬ್ಯಾಂಕ್ "ಇಲ್ಲ" ಅಂದಿತು. ಅಕ್ಟೋಬರ್ 27ರ ಆಜ್ಞೆಯಿಂದ ಸರ್ಕಾರಿ ನೌಕರರ ಕಡಿತ ಶುರುವಾಗಿತ್ತು, 1924ರ ವಸಂತದ ಹೊತ್ತಿಗೆ ನಾಲ್ಕು ಲಕ್ಷದ ಹತ್ತಿರ ಜನರನ್ನು ಮನೆಗೆ ಕಳಿಸಿದರು. ತೆರಿಗೆಯನ್ನು ಚಿನ್ನದ ಲೆಕ್ಕದಲ್ಲಿ ಕಟ್ಟಿಸಿಕೊಂಡರು, ಎರಡನೇ ಗಾಲಿಯೂ ನಿಂತಿತು. ರೂರ್ ಪ್ರತಿರೋಧಕ್ಕೆ ಹಣ ಸುರಿಯುವುದು ಸೆಪ್ಟೆಂಬರಿನಲ್ಲೇ ಕೊನೆಯಾಗಿತ್ತು.

ನಂಬಿಕೆಯ ಲೆಕ್ಕ ಇನ್ನೂ ಸ್ವಾರಸ್ಯ. ನವೆಂಬರ್ 15ಕ್ಕೆ ಚಲಾವಣೆಯಲ್ಲಿದ್ದ ರೈಶ್‌ಬ್ಯಾಂಕ್ ನೋಟು 9.28 ಕೋಟಿ ಲಕ್ಷ ಕೋಟಿ. "ಲಕ್ಷ ಕೋಟಿ"ಯನ್ನು ಒಂದು ಚಿನ್ನದ ಮಾರ್ಕ್ ಮಾಡಿ: ದೇಶದ ಅಷ್ಟೂ ನೋಟಿನ ಬೆಲೆ 9.28 ಕೋಟಿ ಚಿನ್ನದ ಮಾರ್ಕ್. ಯುದ್ಧಕ್ಕೆ ಮುಂಚೆ ಚಲಾವಣೆ 600 ಕೋಟಿಯ ಆಸುಪಾಸು. ರೈಶ್‌ಬ್ಯಾಂಕಿನಲ್ಲಿ ಉಳಿದಿದ್ದ ಚಿನ್ನವೇ ಸುಮಾರು 47 ಕೋಟಿಯಷ್ಟು. ಮುಟ್ಟಿದರೆ ಸುಡುವ ನೋಟನ್ನು ಜನ ಕೈಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಹಾಗಾಗಿ ಲೆಕ್ಕವಿಲ್ಲದಷ್ಟು ಕಾಗದವಿದ್ದೂ ದೇಶದಲ್ಲಿ "ಹಣ"ವೇ ಇರಲಿಲ್ಲ. ಕರಗದ ನೋಟು ಒಂದಿದ್ದರೆ ಸಾಕು ಎಂದು ಹಸಿದು ಕೂತಿದ್ದರು. ಅದಕ್ಕೇ ಇನ್ನೊಂದು ವಿಚಿತ್ರ: ನವೆಂಬರ್ 30ಕ್ಕೆ ಹಳೆಯ ಕಾಗದದ ಮಾರ್ಕ್ 9ರಿಂದ 40 ಕೋಟಿ ಲಕ್ಷ ಕೋಟಿಗೂ, ಡಿಸೆಂಬರ್ ಕೊನೆಗೆ 49ಕ್ಕಿಂತ ಮೇಲಕ್ಕೂ ಏರಿತು. ಐದು ಪಟ್ಟು ಹೆಚ್ಚು ನೋಟು, ಡಾಲರ್ ಮಾತ್ರ 4.2ರಿಂದ ಕದಲಲಿಲ್ಲ. "ನೋಟು ಹೆಚ್ಚಿತು, ಅದಕ್ಕೇ ಬೆಲೆ ಏರಿತು" ಎಂಬ ಒಂದೇ ಸಾಲಿನ ಉತ್ತರ ಮುರಿದುಬೀಳುವುದು ಇಲ್ಲಿ.

ಓದುಗೂಡು
ಆ ಐದು ದಿನ ಡಾಲರನ್ನು ಇನ್ನೂ ಏರಲು ಬಿಟ್ಟದ್ದು ಯಾಕೆ?

ಲೆಕ್ಕದಪುಸ್ತಕ
ನವೆಂಬರ್ 12ಕ್ಕೆ ನೇಮಕವಾದ ಹಣದ ಆಯುಕ್ತ ಹ್ಯಾಲ್ಮಾರ್ ಷಾಖ್ಟ್, ಸರ್ಕಾರಿ ದರ ಮಾರುಕಟ್ಟೆಯ ದರದ ಹತ್ತಿರ ಬರುವವರೆಗೂ ಕಾದ. ಬೇಗ ನಿಲ್ಲಿಸಿದ್ದರೆ ಆ ದರ ಕಾಯಲು ಬೇಕಾದ ಚಿನ್ನ ಇರಲಿಲ್ಲ. 4.2ಕ್ಕೆ ನಿಲ್ಲಿಸಿದ ಮೇಲೂ ಸುತ್ತಲೂ ಫ್ರೆಂಚರ ಹಿಡಿತವಿದ್ದ ಕಲೋನ್ ನಗರದಲ್ಲಿ ನವೆಂಬರ್ 26ರಂದು ಡಾಲರ್ 11.7 ಲಕ್ಷ ಕೋಟಿ. ಅಲ್ಲಿನ ಸಟ್ಟಾದವರು ತಿಂಗಳ ಕೊನೆಗೆ ಹಣ ಕೊಡುವ ಕರಾರಿನ ಮೇಲೆ ಡಾಲರ್ ಕೊಂಡಿದ್ದರು, ಊರಿನ ನೋಟ್‌ಗೆಲ್ಡ್ ಸುರಿದು ತೀರಿಸುವ ಲೆಕ್ಕ. ರೈಶ್‌ಬ್ಯಾಂಕ್ ನವೆಂಬರ್ 22ರಿಂದ ನೋಟ್‌ಗೆಲ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು, ಸಾಲವನ್ನೂ ಕೊಡಲಿಲ್ಲ. ಕೊಂಡ ಡಾಲರನ್ನು ಸಟ್ಟಾದವರು ನಷ್ಟಕ್ಕೆ ಬ್ಯಾಂಕಿಗೇ ಮಾರಬೇಕಾಯಿತು. ಡಿಸೆಂಬರ್ 10ರ ಹೊತ್ತಿಗೆ ಕಲೋನಿನಲ್ಲೂ 4.2.

ಓದುಗೂಡು
ಲೇಖನದ ಕೊನೆಯ ಸಾಲು ಹೀಗಿದೆ: "ಈ ಹಣದುಬ್ಬರವೇ ಹಿಟ್ಲರನನ್ನು ಅಧಿಕಾರಕ್ಕೆ ತಂದಿತು." ಇಡಬಹುದೇ?

ಬರ್ಲಿನ್‌ಬೆಳಗು
ಬೇಡ. ಹತ್ತು ವರ್ಷದ ಅಂತರವಿದೆ. 1923ರ ಅಕ್ಟೋಬರ್, ನವೆಂಬರ್ ಎರಡೇ ತಿಂಗಳಲ್ಲಿ ನಡೆದದ್ದು: ಅ. 1ಕ್ಕೆ ಕ್ಯುಸ್ಟ್ರಿನ್‌ನಲ್ಲಿ ಬಲಪಂಥೀಯ ಸೈನಿಕರ ದಂಗೆ, 21ಕ್ಕೆ ಆಖೆನ್‌ನಲ್ಲಿ ರೈನ್‌ಲ್ಯಾಂಡ್ ಪ್ರತ್ಯೇಕತಾವಾದಿಗಳ "ಗಣರಾಜ್ಯ", 23ಕ್ಕೆ ಹ್ಯಾಂಬರ್ಗ್‌ನಲ್ಲಿ ಕಮ್ಯುನಿಸ್ಟರ ದಂಗೆ, 29ಕ್ಕೆ ಸ್ಯಾಕ್ಸನಿಯಲ್ಲಿ ಎಡಪಂಥೀಯ ಸರ್ಕಾರದ ವಜಾ, ನ. 5ಕ್ಕೆ ಬರ್ಲಿನ್ನಿನ ಶೊಯ್ನೆನ್‌ಫಿಯರ್ಟೆಲ್ ಬಡಾವಣೆಯಲ್ಲಿ ಯಹೂದಿಗಳ ಅಂಗಡಿ ಮನೆಗಳ ಲೂಟಿ, ನ. 8–9ಕ್ಕೆ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ. ಇಷ್ಟೂ ಸೋತವು ಅಥವಾ ಅಡಗಿಸಲ್ಪಟ್ಟವು, ಗಣರಾಜ್ಯ ಉಳಿಯಿತು. ಮ್ಯೂನಿಕ್ ದಂಗೆಕೋರರು ತಮ್ಮವರಿಗೆ ಸಂಬಳ ಕೊಡಲು ನೋಟು ಅಚ್ಚು ಹಾಕುತ್ತಿದ್ದ ಮುದ್ರಣಾಲಯಕ್ಕೇ ನುಗ್ಗಿ ಕಟ್ಟುಗಳನ್ನು ಎತ್ತಿಕೊಂಡು ಹೋದರು. ಆ ವರ್ಷ ಬ್ಯಾಂಕು ದೋಚುವುದಕ್ಕಿಂತ ಅದೇ ಸುಲಭ.

ನಾಜಿ ಪಕ್ಷಕ್ಕೆ 1928ರ ಚುನಾವಣೆಯಲ್ಲಿ ಸಿಕ್ಕಿದ್ದು ಶೇ. 2.6. ಅವರು ಉಬ್ಬಿದ್ದು 1930ರ ನಂತರ, ಬೆಲೆಗಳು ಇಳಿಯುತ್ತಿದ್ದ, 60 ಲಕ್ಷ ಜನ ನಿರುದ್ಯೋಗಿಗಳಾಗಿದ್ದ ಕಾಲದಲ್ಲಿ. 1923ಕ್ಕೂ ಅದಕ್ಕೂ ನಂಟು ಇದ್ದರೆ ಎರಡು ದಾರಿಯಲ್ಲಿ: ಉಳಿತಾಯ ಕಳೆದುಕೊಂಡ ಮಧ್ಯಮವರ್ಗ ಹಳೆಯ ನಡುಪಂಥದ ಪಕ್ಷಗಳನ್ನು ಬಿಟ್ಟದ್ದು, ಮತ್ತೆ ಉಬ್ಬರ ಬಂದೀತೆಂಬ ಭಯದಿಂದ 1930–32ರ ಸರ್ಕಾರ ಖರ್ಚು ಬಿಗಿಹಿಡಿದದ್ದು. ಹಾಗೆ ಬರೆದರೆ ನಿಲ್ಲುತ್ತದೆ.

ಮೂಲೆಮನೆ
ಉಳಿತಾಯ ಕಳೆದುಕೊಂಡವರಿಗೆ ಏನೂ ವಾಪಸ್ ಬರಲಿಲ್ಲವೇ?

ಲೆಕ್ಕದಪುಸ್ತಕ
ನ್ಯಾಯಾಲಯದಲ್ಲಿ "ಒಂದು ಮಾರ್ಕ್ ಅಂದರೆ ಒಂದು ಮಾರ್ಕ್" ಎಂಬ ತತ್ವವಿತ್ತು. 1913ರಲ್ಲಿ ಮನೆ ಅಡವಿಟ್ಟು 10,000 ಚಿನ್ನದ ಮಾರ್ಕ್ ತೆಗೆದವನು 1923ರಲ್ಲಿ 10,000 ಕಾಗದದ ಮಾರ್ಕ್ ಬಿಸಾಕಿದರೆ ಸಾಲ ತೀರಿತು. 1923ರ ನವೆಂಬರ್ 28ರಂದು ರೈಶ್ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. 1924ರ ಫೆಬ್ರವರಿಯ ಆಜ್ಞೆ ಅಡಮಾನ ಸಾಲಕ್ಕೆ ಚಿನ್ನದ ಬೆಲೆಯ ಶೇ. 15, 1925ರ ಜುಲೈ ಕಾನೂನು ಶೇ. 25 ವಾಪಸ್ ಎಂದಿತು. ಎಲ್ಲಕ್ಕಿಂತ ದೊಡ್ಡ ಸಾಲಗಾರ ಸರ್ಕಾರವೇ. ಯುದ್ಧಕ್ಕೆಂದು ಜನರಿಂದ ಎತ್ತಿದ 15,400 ಕೋಟಿ ಮಾರ್ಕ್ ಸಾಲ 1923ರ ನವೆಂಬರಿನಲ್ಲಿ 1914ರ 15.4 ಫೆನಿಗ್‌ಗೆ ಇಳಿದಿತ್ತು. ಒಂದೂವರೆ ಅಂಚೆಚೀಟಿ.

ಓದುಗೂಡು
ಕೊನೆಯ ಸಾಲು ಬದಲಾಯಿತು. ಕನ್ನಡ ಓದುಗರಿಗಾಗಿ ರೂಪಾಯಿ ಲೆಕ್ಕ ಒಂದು ಸಾಲು ಹಾಕಬಹುದೇ?

ಲೆಕ್ಕದಪುಸ್ತಕ
ಹಾಕಿ, ಆದರೆ "ಸುಮಾರು" ಸೇರಿಸಿ. 1923ರ ಕೊನೆಗೆ ರೂಪಾಯಿ 1 ಶಿಲ್ಲಿಂಗ್ 4–5 ಪೆನ್ಸ್ ಆಸುಪಾಸಿನಲ್ಲಿತ್ತು, ಪೌಂಡು 4.4 ಡಾಲರಿನ ಹತ್ತಿರ. ಹಾಗಾಗಿ ಒಂದು ರೂಪಾಯಿ ಡಾಲರಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ, ಸುಮಾರು 1.2–1.3 ಲಕ್ಷ ಕೋಟಿ ಮಾರ್ಕ್.

ಅಂಚೆಪೆಟ್ಟಿಗೆ
ಹಾಗಾದರೆ ಡಿಸೆಂಬರ್ 1ರ ಜರ್ಮನ್ ಲಕೋಟೆಯ 10,000 ಕೋಟಿ ಮಾರ್ಕ್ ಅಂಚೆದರ ನಮ್ಮ ಲೆಕ್ಕದಲ್ಲಿ ಒಂದಾಣೆ ಮೂರು ಕಾಸಿನ ಆಸುಪಾಸು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಎಂಬ ಹಳೆಯ ಲೆಕ್ಕ ಅಡಿಟಿಪ್ಪಣಿಯಲ್ಲಿ ಕೊಡಿ, ಇಲ್ಲದಿದ್ದರೆ ಈಗಿನವರು ಅಲ್ಲೇ ಮತ್ತೊಮ್ಮೆ ಎಡವುತ್ತಾರೆ.